ತಿಂಗಳಿಗೆ ಎಷ್ಟು ಗಂಟೆ ಸಿಗುತ್ತೆ?

ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆಯೂ ಮೆಟ್ರೋ ಕಂಬಗಳೂ ಇಲ್ಲದಿದ್ದ ಕಾಲದಲ್ಲಿ ನಾನು ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯ ಪ್ಲಾನಿಂಗ್ ವಿಭಾಗಕ್ಕೆ ಸೇರಿದೆ. ಟ್ರ್ಯಾಕ್ಟರಿಗೂ ಲಾರಿಗೂ ಬೇಕಾದ ಗೇರು, ಶಾಫ್ಟುಗಳನ್ನು ಮಾಡಿಕೊಡುವ ಕಾರ್ಖಾನೆ. ಒಂದು ಸಾಲಿನಲ್ಲಿ ಎಚ್‌ಎಂಟಿಯ ಎನ್‌ಎಚ್ 22 ಲೇತುಗಳು, ಎದುರು ಸಾಲಿನಲ್ಲಿ ಆಗಷ್ಟೇ ಬಂದಿದ್ದ ಸಿಎನ್‌ಸಿ ಲೇತುಗಳು, ಗೋಡೆಯ ಪಕ್ಕ ಶಾಫ್ಟಿಗೆ ಹಲ್ಲು ಕೊರೆಯುವ ಹಾಬಿಂಗ್ ಮೆಷಿನ್, ಹಿಂದಿನ ಶೆಡ್ಡಿನಲ್ಲಿ ಹೀಟ್ ಟ್ರೀಟ್‌ಮೆಂಟಿನ ಕುಲುಮೆ. ಒಳಗೆ ಕಾಲಿಟ್ಟರೆ ಕೂಲೆಂಟಿನ ವಾಸನೆ ಮೂಗಿಗೆ ಅಡರುತ್ತಿತ್ತು. ಸಂಜೆ ಮನೆಗೆ ಹೋದ ಮೇಲೂ ಅಂಗಿ ಬಿಟ್ಟು ಹೋಗದ ವಾಸನೆ ಅದು.

ಪ್ಲಾನಿಂಗ್ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸರ್ಕಾರಿ ಸ್ವಾಮ್ಯದ ದೊಡ್ಡ ಕಾರ್ಖಾನೆಯಲ್ಲಿ ಆಯುಷ್ಯ ಕಳೆದು, ನಿವೃತ್ತರಾದ ಮೇಲೆ ಇಲ್ಲಿಗೆ ಬಂದಿದ್ದರು. ಅವರು ನನಗೆ ಹಚ್ಚಿದ ಮೊದಲ ಕೆಲಸ ಒಂದೇ ವಾಕ್ಯದ್ದು. “ಬರೋ ತಿಂಗಳು ಹಾಬಿಂಗ್ ಮೆಷಿನ್ನಿಗೆ ಎಷ್ಟು ಗಂಟೆ ಸಿಗುತ್ತೆ, ಲೆಕ್ಕ ಮಾಡೋಣ ಬಾರಪ್ಪ.” ಆಮೇಲೆ ಎಷ್ಟೋ ಕಾರ್ಖಾನೆಗಳಲ್ಲಿ, ಕಾಗದದ ಮೇಲೂ ಕಂಪ್ಯೂಟರಿನಲ್ಲೂ ಅದೇ ಲೆಕ್ಕ ಮಾಡಿದ್ದೇನೆ. ಉತ್ಪಾದನೆಯ ಯೋಜನೆ ಎಂಬ ಇಡೀ ಕಟ್ಟಡ ನಿಂತಿರುವುದು ಆ ಒಂದು ಅಂಕಿಯ ಮೇಲೆ. ಅದು ಸಡಿಲವಾಗಿದ್ದರೆ ಮೇಲಿನ ಚಾರ್ಟುಗಳು ಎಷ್ಟು ಅಂದವಾಗಿದ್ದರೂ ತಿಂಗಳ ಕೊನೆಯ ವಾರ ಕಾರ್ಖಾನೆ ಯುದ್ಧಭೂಮಿಯಾಗುತ್ತದೆ. ಆ ಯುದ್ಧದಲ್ಲಿ ನಿದ್ದೆಗೆಡುವವರು ಲೆಕ್ಕ ಹಾಕಿದವರಲ್ಲ, ಮೆಷಿನ್ ಮುಂದೆ ನಿಂತವರು.

ಮೇಷ್ಟ್ರ ಮೇಜಿನ ಹಿಂದಿನ ಗೋಡೆಯಲ್ಲಿ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರ್ ತೂಗುಬಿದ್ದಿತ್ತು. ಲೆಕ್ಕ ಶುರುವಾಗುತ್ತಿದ್ದುದೇ ಅದರಿಂದ. ಆ ಸೆಪ್ಟೆಂಬರಿನ ಲೆಕ್ಕ ಇವತ್ತಿಗೂ ಬಾಯಿಪಾಠವಿದೆ. ಮೂವತ್ತು ದಿನದಲ್ಲಿ ನಾಲ್ಕು ಭಾನುವಾರ ಹೋಯಿತು, ಗಣೇಶನ ಹಬ್ಬದ ಒಂದು ದಿನ ಹೋಯಿತು, ಉಳಿದದ್ದು 25. ದಿನಕ್ಕೆ ಮೂರು ಶಿಫ್ಟು: ಬೆಳಿಗ್ಗೆ ಆರರಿಂದ ಎರಡು, ಎರಡರಿಂದ ರಾತ್ರಿ ಹತ್ತು, ಹತ್ತರಿಂದ ಬೆಳಿಗ್ಗೆ ಆರು. ಶಿಫ್ಟಿಗೆ ಎಂಟು ಗಂಟೆಯಂತೆ 600. ಹೆಚ್ಚಿನ ಕಡೆ ಲೆಕ್ಕ ಇಲ್ಲಿಗೇ ಮುಗಿಯುತ್ತದೆ. ಕೆಲವು ಕಡೆ ಇದಕ್ಕೂ ಮುಂಚೆಯೇ, ಮೂವತ್ತನ್ನು ಇಪ್ಪತ್ತನಾಲ್ಕರಿಂದ ಗುಣಿಸಿ 720 ಎಂದು ಬರೆದಲ್ಲಿಗೇ ಮುಗಿದಿರುವುದನ್ನೂ ನೋಡಿದ್ದೇನೆ.

ಮೇಷ್ಟ್ರು 600ರ ಕೆಳಗೆ ಗೆರೆ ಎಳೆದು, “ಈಗ ಕೆಳಗೆ ಹೋಗೋಣ” ಅಂದರು. ಕೆಳಗೆ ಅಂದರೆ ಶಾಪ್ ಫ್ಲೋರಿಗೆ. ನಮ್ಮ ಕಚೇರಿ ಮೇಲೆ, ಕಬ್ಬಿಣದ ಮೆಟ್ಟಿಲ ತುದಿಯಲ್ಲಿತ್ತು. ಕೆಳಗಿಳಿದು ಹಾಬಿಂಗ್ ಮೆಷಿನ್ ಪಕ್ಕ ಒಂದು ಪೂರ್ತಿ ಶಿಫ್ಟು ನಿಂತೆವು. ಊಟಕ್ಕೆ ಅರ್ಧ ಗಂಟೆ, ಎರಡು ಸಲ ಟೀಗೆ ಹತ್ತು ಹತ್ತು ನಿಮಿಷ, ಒಟ್ಟು ಶಿಫ್ಟಿಗೆ ಐವತ್ತು ನಿಮಿಷ ಮೆಷಿನ್ ನಿಂತಿರುತ್ತದೆ. ತಿಂಗಳಿಗೆ 75 ಶಿಫ್ಟು, ಅಂದರೆ 62 ಗಂಟೆ 30 ನಿಮಿಷ. ಶಿಫ್ಟು ಬದಲಾಗುವಾಗ ಹಿಂದಿನವನು ಚಿಪ್ಸ್ ಎಳೆದು, ಬೆಡ್ ಒರೆಸಿ, ಮುಂದಿನವನಿಗೆ ಅಳತೆ ಹೇಳಿ ಹೊರಡಲು ಹದಿನೈದು ನಿಮಿಷ. ಅದು ತಿಂಗಳಿಗೆ ಹದಿನೆಂಟೂ ಮುಕ್ಕಾಲು ಗಂಟೆ. ಮೇನ್ಟೆನೆನ್ಸಿನವರಿಗೆ ತಿಂಗಳಿಗೆ ಒಂದು ಪೂರ್ತಿ ಶಿಫ್ಟು ಬಿಟ್ಟುಕೊಡಬೇಕು, ಎಂಟು ಗಂಟೆ. ಎಲ್ಲ ಕಳೆದರೆ 510 ಚಿಲ್ಲರೆ.

“ಈಗ ಕಳೆದದ್ದು ಕಾರ್ಖಾನೆ ಇಷ್ಟಪಟ್ಟು ಬಿಟ್ಟುಕೊಡೋ ಹೊತ್ತು. ಇನ್ನು ತಾನಾಗಿ ಹೋಗೋ ಹೊತ್ತು ಬೇರೆ ಇದೆ” ಅಂದರು ಮೇಷ್ಟ್ರು.

ತಾನಾಗಿ ಹೋಗುವ ಹೊತ್ತಿಗೆ ಅವರ ಬಳಿ ಉದ್ದನೆಯ ರಿಜಿಸ್ಟರ್ ಇತ್ತು. ಮೆಷಿನ್ ಕೆಟ್ಟದ್ದು, ಕರೆಂಟ್ ಹೋದದ್ದು, ಆಪರೇಟರ್ ಬಾರದೆ ನಿಂತದ್ದು, ಮಾಲು ಬಾರದೆ ನಿಂತದ್ದು, ಒಂದೊಂದಕ್ಕೂ ಒಂದೊಂದು ಕಾಲಂ. ಕಳೆದ ಆರು ತಿಂಗಳದ್ದನ್ನು ಕೂಡಿಸಿ ನೋಡಿದರೆ ಹಾಬಿಂಗ್ ಮೆಷಿನ್ ಹತ್ತರಲ್ಲಿ ಒಂದು ಪಾಲು ಹೀಗೆ ನಿಲ್ಲುತ್ತಿತ್ತು. 510ರಲ್ಲಿ 51 ಕಳೆದರೆ 459. ಗೋಡೆಯ ಕ್ಯಾಲೆಂಡರ್ ಕೊಡುವ 720ಕ್ಕೂ ಮೆಷಿನ್ ನಿಜವಾಗಿ ದುಡಿಯುವ 459ಕ್ಕೂ ನಡುವೆ 261 ಗಂಟೆ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು.

ಆ ರಿಜಿಸ್ಟರಿನಲ್ಲಿ ಕರೆಂಟಿನ ಕಾಲಂ ಬಗ್ಗೆ ಒಂದು ಮಾತು ಹೇಳಬೇಕು. ಲೋಡ್ ಶೆಡ್ಡಿಂಗ್ ಎಂಬುದು ಪೀಣ್ಯದ ದಿನಚರಿಯೇ ಆಗಿದ್ದ ವರ್ಷಗಳವು. ಕರೆಂಟ್ ಹೋಗಿ ಹತ್ತು ನಿಮಿಷಕ್ಕೆ ಬಂದರೆ ಸೂಪರ್‌ವೈಸರುಗಳು ಹತ್ತು ನಿಮಿಷ ಎಂದೇ ಬರೆಯುತ್ತಿದ್ದರು. ಮೇಷ್ಟ್ರು ಅದನ್ನು ಒಪ್ಪುತ್ತಿರಲಿಲ್ಲ. ಕಟಿಂಗ್ ಮಧ್ಯೆ ಕರೆಂಟ್ ಹೋದರೆ ಸಿಎನ್‌ಸಿ ಲೇತಿನ ಟೂಲು ಜಾಬಿನೊಳಗೇ ಕಚ್ಚಿಕೊಂಡು ನಿಲ್ಲುತ್ತದೆ. ಇನ್ಸರ್ಟ್ ಮುರಿದಿರುತ್ತದೆ, ಜಾಬು ಕೆಟ್ಟಿರುತ್ತದೆ. ಮೆಷಿನ್ನನ್ನು ಮತ್ತೆ ಹೋಮ್ ಪೊಸಿಷನ್ನಿಗೆ ತಂದು, ಹೊಸ ಇನ್ಸರ್ಟ್ ಹಾಕಿ, ಆಫ್‌ಸೆಟ್ ಕೊಟ್ಟು, ಅಳತೆ ನೋಡಿ, ಮೊದಲ ಒಳ್ಳೆಯ ಜಾಬು ಕೈಗೆ ಬರುವ ಹೊತ್ತಿಗೆ ಮುಕ್ಕಾಲು ಗಂಟೆಯೂ ಹಿಡಿಯಬಹುದು. “ಕರೆಂಟ್ ಬಂದ ಟೈಮ್ ಬರೀಬೇಡಿ, ಒಳ್ಳೆ ಪೀಸ್ ಬಂದ ಟೈಮ್ ಬರೀರಿ.” ಈ ಒಂದು ನಿಯಮದಿಂದ ನಮ್ಮ ರಿಜಿಸ್ಟರಿನ ಬೆಲೆ ಎಷ್ಟು ಪಟ್ಟು ಏರಿತೋ ಹೇಳಲಾರೆ. ಡೀಸೆಲ್ ಜನರೇಟರ್ ಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಮಾಲೀಕರ ಮುಂದೆ ಬಂದಾಗ, ಅದನ್ನು ತೀರ್ಮಾನಿಸಿದ್ದೇ ಆ ಕಾಲಂ.

ಹೀಟ್ ಟ್ರೀಟ್‌ಮೆಂಟಿನ ಕುಲುಮೆಗೆ ಮಾತ್ರ ಈ ಲೆಕ್ಕ ಯಾವುದೂ ಹೊಂದುತ್ತಿರಲಿಲ್ಲ. ಅದರ ಒಳಗೆ 920 ಡಿಗ್ರಿಯ ಆಸುಪಾಸಿನಲ್ಲಿ ಶಾಫ್ಟುಗಳ ಮೈಗೆ ಇಂಗಾಲ ಹಿಡಿಸಿ, ಎಣ್ಣೆಗೆ ಇಳಿಸಿ ಗಟ್ಟಿ ಮಾಡುತ್ತಾರೆ. ಶಾಫ್ಟುಗಳನ್ನು ಬುಟ್ಟಿಯಲ್ಲಿ ಜೋಡಿಸಿ ಒಳಗೆ ತಳ್ಳಿದರೆ ಎಂಟು ಗಂಟೆ ಬಾಗಿಲು ತೆಗೆಯುವ ಹಾಗಿಲ್ಲ. ಊಟದ ಹೊತ್ತಾಯಿತು ಎಂದು ಬೆಂಕಿ ನಿಲ್ಲುವುದಿಲ್ಲ, ಹಾಗಾಗಿ ಊಟ, ಟೀ ಕಳೆಯುವ ಪ್ರಶ್ನೆಯಿಲ್ಲ. ಆದರೆ ಭಾನುವಾರ ಆರಿಸಿದ ಕುಲುಮೆ ಸೋಮವಾರ ಬೆಳಿಗ್ಗೆ ಆರಕ್ಕೆ ಹಚ್ಚಿದರೆ ಮಧ್ಯಾಹ್ನ ಎರಡರವರೆಗೆ ಬರೀ ಕಾಯುವುದೇ ಆಗುತ್ತದೆ. ಭಾನುವಾರ ಬಿಟ್ಟರೆ ವಾರಕ್ಕೆ ಉಳಿಯುವ 144 ಗಂಟೆಯಲ್ಲಿ ಎಂಟು ಹೋಗಿ 136. ಅದನ್ನು ಎಂಟರಿಂದ ಭಾಗಿಸಿದರೆ 17 ಸಲ ತುಂಬಬಹುದು, ನಮ್ಮ ಭಾಷೆಯಲ್ಲಿ 17 ಚಾರ್ಜು. ಕೊನೆಯದು ಶನಿವಾರ ರಾತ್ರಿ ಹತ್ತಕ್ಕೆ ಸರಿಯಾಗಿ ಒಳಗೆ ಹೋಗಬೇಕು. ಹತ್ತೂವರೆಗೆ ಬುಟ್ಟಿ ಸಿದ್ಧವಾದರೆ ಅರ್ಧ ಗಂಟೆ ತಡವಾಯಿತು ಅಂತಲ್ಲ, ಆ ವಾರಕ್ಕೆ ಒಂದು ಚಾರ್ಜೇ ಇಲ್ಲವಾಯಿತು. ಕುಲುಮೆಯ ಗಂಟೆಗಳನ್ನು ಚಿಲ್ಲರೆಯಾಗಿ ಖರ್ಚು ಮಾಡಲಾಗುವುದಿಲ್ಲ. ಪುಸ್ತಕಗಳಲ್ಲಿ ಯಂತ್ರದ ಸಾಮರ್ಥ್ಯ ಎಂದರೆ ಗಂಟೆ ಎಂದೇ ಓದಿ ಬಂದಿದ್ದ ನನಗೆ, ಕೆಲವು ಯಂತ್ರಗಳನ್ನು ಗಂಟೆಯಲ್ಲಿ ಅಳೆಯಲೇಬಾರದು ಎಂದು ಕಂಡದ್ದು ಆ ಬಿಸಿ ಶೆಡ್ಡಿನಲ್ಲಿ. ಮೇಷ್ಟ್ರು ಯೋಜನೆಯಲ್ಲಿ ವಾರಕ್ಕೆ 16 ಚಾರ್ಜೆಂದೇ ಬರೆಯುತ್ತಿದ್ದರು. ಹದಿನೇಳನೆಯದರ ಮಾತನ್ನು ಯಾರಿಗೂ ಕೊಡುತ್ತಿರಲಿಲ್ಲ.

ಒಂದು ದಿನ ಮಾರ್ಕೆಟಿಂಗ್ ಮ್ಯಾನೇಜರ್ ಮೆಟ್ಟಿಲು ಹತ್ತಿ ಬಂದರು. ದೊಡ್ಡ ಟ್ರ್ಯಾಕ್ಟರ್ ಕಂಪನಿಯೊಂದು ತಿಂಗಳಿಗೆ 12,000 ಶಾಫ್ಟು ಕೇಳಿತ್ತು. ಹಾಬಿಂಗಿಗೆ ಒಂದಕ್ಕೆ ಎರಡೂವರೆ ನಿಮಿಷ, ಒಟ್ಟು 500 ಗಂಟೆಯ ಕೆಲಸ. ಅವರ ಕೈಯಲ್ಲಿದ್ದ ಚೀಟಿಯಲ್ಲಿ 720 ಇತ್ತು.

“ಇನ್ನೂರು ಗಂಟೆ ಮಿಕ್ಕುತ್ತಲ್ಲ ಸಾರ್, ಹೂಂ ಅಂದ್ಬಿಡ್ಲಾ?”

“ಹತ್ತು ಸಾವಿರಕ್ಕೆ ಹೂಂ ಅನ್ನಿ. ಮಿಕ್ಕಿದ್ದಕ್ಕೆ ಮೂರು ತಿಂಗಳು ಟೈಮ್ ಕೇಳಿ” ಅಂದರು ಮೇಷ್ಟ್ರು.

ಮ್ಯಾನೇಜರ್ ಮುಖ ಸಪ್ಪಗಾಯಿತು. ಮೇಷ್ಟ್ರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು 459ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಅದರಲ್ಲಿ ಜಾಬು ಬದಲಿಸುವ ಸೆಟ್ಟಿಂಗಿಗೆ 20 ಗಂಟೆ. ಉಳಿದ 439 ಗಂಟೆಗೆ 10,536 ಶಾಫ್ಟು. “ನೀವು ಹನ್ನೆರಡು ಸಾವಿರ ಅಂತ ಬರೆದುಕೊಟ್ರೆ ನಾನು ಬೇಡ ಅನ್ನೋಕಾಗಲ್ಲ. ಆದ್ರೆ ಆ ಹೆಚ್ಚಿನ ಸಾವಿರದೈನೂರು ಶಾಫ್ಟು ಎಲ್ಲಿಂದ ಬರುತ್ತೆ ಗೊತ್ತಾ? ನಮ್ಮ ಹುಡುಗರ ಭಾನುವಾರದಿಂದ.”

ಓಟಿಯನ್ನು, ಅಂದರೆ ಹೆಚ್ಚುವರಿ ದುಡಿತದ ಹೊತ್ತನ್ನು, ಮೂಲ ಲೆಕ್ಕದಲ್ಲಿ ಸೇರಿಸಲು ಮೇಷ್ಟ್ರು ಎಂದೂ ಬಿಟ್ಟವರಲ್ಲ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯ ಪ್ರಕಾರ ವಾರಕ್ಕೆ 48 ಗಂಟೆ ಅಥವಾ ದಿನಕ್ಕೆ ಒಂಬತ್ತು ಗಂಟೆ ಮೀರಿ ದುಡಿಸಿದರೆ ದುಪ್ಪಟ್ಟು ಕೂಲಿ ಕೊಡಬೇಕಿತ್ತು. ಖರ್ಚಿನ ಮಾತು ಅದಾಯಿತು. ಅವರ ಆಕ್ಷೇಪ ಬೇರೆಯೇ ಇತ್ತು. ಪ್ರತಿ ತಿಂಗಳೂ ಓಟಿ ಸೇರಿಸಿಯೇ ಯೋಜನೆ ಮಾಡಿದರೆ, ನಿಜವಾಗಿ ಮೆಷಿನ್ ಕೆಟ್ಟು ಎರಡು ದಿನ ನಿಂತಾಗ ಅದನ್ನು ತುಂಬಿಸಲು ಯಾವ ಹೊತ್ತೂ ಉಳಿದಿರುವುದಿಲ್ಲ. ಆಪತ್ತಿಗೆ ಇಟ್ಟುಕೊಂಡ ದಿನಗಳನ್ನು ನೆಟ್ಟಗಿರುವಾಗಲೇ ಖರ್ಚು ಮಾಡಿದ ಹಾಗೆ. ನನ್ನ ಅನುಭವದಲ್ಲಿ ಇದಕ್ಕಿಂತ ದೊಡ್ಡ ಸತ್ಯ ಈ ಕಸುಬಿನಲ್ಲಿ ಬೇರೊಂದಿಲ್ಲ.

ಗ್ರಾಹಕರು ಮೂರು ತಿಂಗಳು ಕಾಯಲು ಒಪ್ಪಿದರು. ಆ ಮೂರು ತಿಂಗಳಲ್ಲಿ ನಾವು ಮಾಡಿದ ಕೆಲಸವನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಗಂಟೆ ಸಿಗುವುದು ಹೀಗೆ.

ಊಟ, ಟೀ ಹೊತ್ತಿನಲ್ಲಿ ಹಾಬಿಂಗ್ ಮೆಷಿನ್ ಓಡಿಸಿದರೆ ತಿಂಗಳಿಗೆ ಆ ಅರವತ್ತೆರಡೂವರೆ ಗಂಟೆ ಮರಳಿ ಸಿಗುತ್ತದೆ. ಆದರೆ ಆಪರೇಟರಿನ ಊಟದ ಹೊತ್ತನ್ನು ಮುಟ್ಟುವಂತಿಲ್ಲ. ಐದು ಗಂಟೆ ಮೀರಿ ದುಡಿಸುವ ಮೊದಲೇ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂಬುದು ಆಗಿನ ಕಾಯಿದೆ. ಕಾಯಿದೆ ಇಲ್ಲದಿದ್ದರೂ ಹಸಿದವನ ಕೈಯಲ್ಲಿ ಮೆಷಿನ್ ಕೊಡಬಾರದು. ಹಾಗಾದರೆ ಇನ್ನೊಬ್ಬ ಬೇಕು. ಹಾಬಿಂಗಿನ ಹಿರಿಯ ಆಪರೇಟರನ್ನು ನಾವೆಲ್ಲ ಅಣ್ಣ ಅನ್ನುತ್ತಿದ್ದೆವು. ಸಿರಾ ಕಡೆಯವರು, ಮಾತು ಕಡಿಮೆ. ಬೇರೆಯವರು ತನ್ನ ಮೆಷಿನ್ ಮುಟ್ಟುವುದು ಅವರಿಗೆ ಸುತರಾಂ ಒಗ್ಗುತ್ತಿರಲಿಲ್ಲ. ಮೇಷ್ಟ್ರು ಆರ್ಡರ್ ಹೊರಡಿಸಲಿಲ್ಲ. ಅವರ ಪಕ್ಕ ಹೋಗಿ ನಿಂತು, “ಅಣ್ಣಾ, ನಿಮ್ಗೆ ಒಪ್ಪಿಗೆಯಾಗೋ ಹುಡುಗನ್ನ ನೀವೇ ಆರಿಸಿ, ನೀವೇ ಕಲಿಸಿ. ನೀವು ಆಯ್ತು ಅನ್ನೋವರ್ಗೂ ಮೆಷಿನ್ ಊಟದ ಹೊತ್ತಲ್ಲಿ ನಿಂತಿರ್ಲಿ” ಅಂದರು.

ಅಣ್ಣ ಆರಿಸಿದ್ದು ಹೆಲ್ಪರ್ ಹುಡುಗನೊಬ್ಬನನ್ನು. ಶಾಫ್ಟನ್ನು ಸೆಂಟರುಗಳ ನಡುವೆ ಕೂರಿಸುವಾಗ ಬನಿಯನ್ ವೇಸ್ಟಿನಿಂದ ಎರಡೂ ತುದಿಯ ಸೆಂಟರ್ ರಂಧ್ರ ಒರೆಸುವುದನ್ನು ಕಲಿಸಲೇ ಅವರು ಎಷ್ಟೋ ದಿನ ತೆಗೆದುಕೊಂಡರು. ಕೂದಲೆಳೆಯಷ್ಟು ಚಿಪ್ಸು ಅಲ್ಲಿ ಉಳಿದರೆ ಶಾಫ್ಟು ವಾಲುತ್ತದೆ, ಹಲ್ಲು ಒಂದು ಕಡೆ ಆಳ, ಇನ್ನೊಂದು ಕಡೆ ಮೇಲೆ. ಹುಡುಗ ಒರೆಸಿದ ಮೇಲೆ ಅಣ್ಣ ಕಿರುಬೆರಳಿನ ತುದಿಯನ್ನು ರಂಧ್ರದೊಳಗೆ ಆಡಿಸಿ ನೋಡುತ್ತಿದ್ದರು. ಒಂದು ದಿನ ಬೆರಳಿಡದೆ ಊಟಕ್ಕೆ ಹೊರಟರು. ಅಂದಿನಿಂದ ಮೆಷಿನ್ ಮಧ್ಯಾಹ್ನ ನಿಲ್ಲಲಿಲ್ಲ. ಉಳಿದೆರಡು ಶಿಫ್ಟುಗಳಿಗೂ ಹೀಗೇ ಜನ ತಯಾರಾದರು. ಕೆಡುವುದು, ನಿಲ್ಲುವುದು ಹತ್ತಕ್ಕೊಂದು ಪಾಲು ಇದರಲ್ಲೂ ಹೋಗುತ್ತದೆಂದು ಹಿಡಿದರೂ 56 ಗಂಟೆ ಸಿಕ್ಕಿತು, 1,350 ಶಾಫ್ಟು. ಒಟ್ಟು 11,886. ಇನ್ನೂ 114 ಬೇಕಿತ್ತು, ಸುಮಾರು ಐದು ಗಂಟೆ. ಅದನ್ನು ಸೆಟ್ಟಿಂಗಿನಲ್ಲಿ ಹುಡುಕಿದೆವು.

ಸೆಟ್ಟಿಂಗ್ ಎಂದರೆ ಒಂದು ಜಾಬಿನಿಂದ ಇನ್ನೊಂದಕ್ಕೆ ಮೆಷಿನ್ ಬದಲಿಸುವುದು. ಇದನ್ನು ಸಿಗುವ ಗಂಟೆಯಲ್ಲಿ ಕಳೆಯಬೇಕೋ, ಮಾಡಬೇಕಾದ ಕೆಲಸಕ್ಕೆ ಕೂಡಬೇಕೋ ಎಂಬುದು ಪ್ಲಾನಿಂಗಿನವರ ಹಳೇ ವಾದ. ನನ್ನ ಮಟ್ಟಿಗೆ ಅದು ಕೆಲಸದ ಪಾಲಿನದ್ದು. ಯಾಕೆಂದರೆ ಎಷ್ಟು ಸಲ ಬದಲಿಸುತ್ತೇವೆ ಎಂಬುದು ಮೆಷಿನ್ನಿನ ಗುಣವಲ್ಲ, ನಾವು ಹಾಕುವ ಸರದಿಯ ಫಲ. ಹೇಗೇ ಮಾಡಿದರೂ ಒಂದು ಕಡೆ ಮಾತ್ರ ಲೆಕ್ಕಕ್ಕೆ ಬರಬೇಕು. ಎರಡೂ ಕಡೆ ಹಿಡಿದು, ಇರುವ ಸಾಮರ್ಥ್ಯವನ್ನೇ ಇಲ್ಲವೆಂದು ತಿಳಿದು ಹೊಸ ಮೆಷಿನ್ ಕೊಂಡ ಕಾರ್ಖಾನೆಯನ್ನು ಕಂಡಿದ್ದೇನೆ.

ನಮ್ಮ ರಿಜಿಸ್ಟರ್ ನೋಡಿದರೆ ಹಗಲಿನ ಸೆಟ್ಟಿಂಗ್ ಒಂದೂವರೆ ಗಂಟೆಯಲ್ಲಿ ಮುಗಿಯುತ್ತಿತ್ತು, ಅದೇ ಕೆಲಸ ರಾತ್ರಿ ಮೂರು, ನಾಲ್ಕು ಗಂಟೆ. ರಾತ್ರಿಯವರು ನಿಧಾನ ಎಂದು ಹಗಲಿನವರ ಅಭಿಪ್ರಾಯ. ಮೇಷ್ಟ್ರು ನನ್ನನ್ನು ನೈಟ್ ಶಿಫ್ಟಿಗೆ ಕಳಿಸಿದರು. ಅಲ್ಲಿ ಕಂಡದ್ದು ಇಷ್ಟು: ಹಾಬ್ ಕಟರ್ ಬದಲಿಸಿ ಮೊದಲ ಪೀಸ್ ತೆಗೆಯುವುದಕ್ಕೆ ರಾತ್ರಿಯವರಿಗೂ ಹಗಲಿನಷ್ಟೇ ಹೊತ್ತು. ಆದರೆ ಆ ಪೀಸಿಗೆ ಒಪ್ಪಿಗೆ ಕೊಡುವ ಇನ್‌ಸ್ಪೆಕ್ಟರ್ ಬೆಳಗಿನ ಶಿಫ್ಟಿಗೆ ಮಾತ್ರ ಬರುತ್ತಿದ್ದರು. ಟೂಲ್ ಸ್ಟೋರಿನ ಬೀಗದ ಕೈ ಸ್ಟೋರ್ ಕೀಪರ್ ಮನೆಯಲ್ಲಿರುತ್ತಿತ್ತು. ಕಟರ್ ಮೊಂಡಾದರೆ ಬದಲಿ ಇಲ್ಲ. ಆಪರೇಟರುಗಳು ಮಾಡಲು ಕೆಲಸವಿಲ್ಲದೆ ಬೇಸರದಲ್ಲಿ ಮೆಷಿನ್ ಪಕ್ಕ ನಿಂತಿರುತ್ತಿದ್ದರು, ಬೆಳಿಗ್ಗೆ ಬಂದವರು ಅವರನ್ನೇ ಸೋಮಾರಿಗಳು ಅನ್ನುತ್ತಿದ್ದರು. ನನಗೆ ಅಂದು ಬಂದ ಸಿಟ್ಟು ಇನ್ನೂ ಆರಿಲ್ಲ. ಒಬ್ಬರ ಜೇಬಿನ ಬೀಗದ ಕೈ ಇಪ್ಪತ್ತು ಲಕ್ಷದ ಮೆಷಿನ್ನನ್ನು ನಿಲ್ಲಿಸಿ, ದೂಷಣೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿತ್ತು.

ಬೀಗದ ಕೈ ನೈಟ್ ಸೂಪರ್‌ವೈಸರ್ ಕೈಗೆ ಬಂತು, ಸೆಟ್ಟಿಂಗುಗಳನ್ನು ಆದಷ್ಟೂ ಹಗಲಿಗೆ ಸರಿಸಿದೆವು, ಇಪ್ಪತ್ತು ಗಂಟೆ ಹದಿನೈದಕ್ಕಿಳಿಯಿತು. ಹೊಸದಾಗಿ ಒಂದು ಮೆಷಿನ್ನೂ ಕೊಳ್ಳದೆ, ಒಂದು ಭಾನುವಾರವನ್ನೂ ಕಿತ್ತುಕೊಳ್ಳದೆ 12,000ದ ಮಾತು ಕೊಟ್ಟೆವು. ಬಹಳ ವರ್ಷದ ಮೇಲೆ ಶಿಗಿಯೊ ಶಿಂಗೊ ಬಗ್ಗೆ ಓದಿದೆ. 1969ರಲ್ಲಿ ಟೊಯೋಟಾದಲ್ಲಿ ಸಾವಿರ ಟನ್ನಿನ ಪ್ರೆಸ್ಸಿನ ಡೈ ಬದಲಿಸಲು ಹಿಡಿಯುತ್ತಿದ್ದ ನಾಲ್ಕು ಗಂಟೆಯನ್ನು ಮೊದಲು ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದವರು ಅವರು. ಓದಿದಾಗ ಬೆರಗಾಯಿತು, ಅಪರಿಚಿತ ಅನ್ನಿಸಲಿಲ್ಲ.

ಊಟದ ಹೊತ್ತಿನಲ್ಲಿ ಮೆಷಿನ್ ಓಡಿಸಿದ್ದು ಹಾಬಿಂಗಿಗೆ ಮಾತ್ರ ಎಂಬುದನ್ನೂ ಹೇಳಿಬಿಡಬೇಕು. ಲೇತುಗಳನ್ನೂ ಓಡಿಸೋಣ ಎಂದು ಪ್ರೊಡಕ್ಷನ್ನಿನವರು ಹುರುಪಿನಿಂದ ಬಂದರು. ಲೇತುಗಳಿಗೆ ಆಗಲೇ ಬೇಕಾದ್ದಕ್ಕಿಂತ ಹೆಚ್ಚು ಗಂಟೆಯಿತ್ತು. ಹೆಚ್ಚು ಓಡಿಸಿದರೆ ಹಾಬಿಂಗ್ ಮುಂದೆ ಶಾಫ್ಟಿನ ರಾಶಿ ಬೆಳೆಯುತ್ತಿತ್ತೇ ಹೊರತು ಗೇಟಿನಿಂದ ಒಂದು ಲಾರಿಯೂ ಹೆಚ್ಚಿಗೆ ಹೊರಡುತ್ತಿರಲಿಲ್ಲ. 1984ರಲ್ಲಿ ಬಂದ ಗೋಲ್ಡ್‌ರಾಟ್ ಅವರ ‘ದಿ ಗೋಲ್’ ಕಾದಂಬರಿಯ ತಿರುಳೂ ಇದೇ. ಇಕ್ಕಟ್ಟಿನ ಯಂತ್ರದಲ್ಲಿ ಹೋದ ಗಂಟೆ ಇಡೀ ಕಾರ್ಖಾನೆಗೆ ಹೋದ ಗಂಟೆ, ಬೇರೆ ಕಡೆ ಉಳಿಸಿದ್ದು ಕಾಗದದ ಮೇಲಿನ ಉಳಿತಾಯ. ಹಾಗಾಗಿ ಎಲ್ಲ ಮೆಷಿನ್ನಿಗೂ ನಿಮಿಷ ನಿಮಿಷದ ಲೆಕ್ಕ ಇಡಲು ಹೊರಟ ಯುವಕರನ್ನು ಕಂಡರೆ ನಾನು ತಡೆಯುತ್ತೇನೆ. ಇಕ್ಕಟ್ಟಿನದ್ದನ್ನು ಹಿಡಿದು ಕೂತರೆ ಸಾಕು, ಉಳಿದದ್ದಕ್ಕೆ ಅಂದಾಜು ನಡೆಯುತ್ತದೆ.

ಇನ್ನು ಜನರ ಕ್ಯಾಲೆಂಡರ್. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಾನೂನಿನ ರಜೆಗಳು, ಜೊತೆಗೆ ವರ್ಷದ ಆರಂಭದಲ್ಲಿ ಕಾರ್ಮಿಕರೊಡನೆ ಕೂತು ಗೊತ್ತು ಮಾಡುವ ಹಬ್ಬದ ರಜೆಗಳು. ಇವು ಅಚ್ಚಾಗಿ ಗೋಡೆಗೆ ಬರುತ್ತವೆ. ಅಚ್ಚಾಗದ ದಿನಗಳನ್ನು ಮೇಷ್ಟ್ರು ಪೆನ್ಸಿಲಿನಲ್ಲಿ ಗುರುತು ಮಾಡುತ್ತಿದ್ದರು. ನಮ್ಮ ಕಾರ್ಮಿಕರಲ್ಲಿ ಬಹಳ ಮಂದಿ ಕುಣಿಗಲ್, ಸಿರಾ, ಪಾವಗಡ, ಚನ್ನರಾಯಪಟ್ಟಣದ ಕಡೆಯವರು. ವೈಶಾಖದ ಲಗ್ನಗಳು, ರಾಗಿ ಕೊಯ್ಲು, ಒಂದೊಂದು ಊರಿನ ಜಾತ್ರೆ, ಇವು ಬಂದಾಗ ಹಾಜರಿ ಪುಸ್ತಕ ತೆಳ್ಳಗಾಗುತ್ತಿತ್ತು. ಆಡಳಿತದವರು ರಜೆ ಕೊಡಬೇಡಿ ಅನ್ನುತ್ತಿದ್ದರು. ಮೇಷ್ಟ್ರ ಉತ್ತರ, “ಕೊಡ್ದಿದ್ರೂ ಹೋಗ್ತಾರೆ. ಮುಂಚೆ ಹೇಳಿ ಹೋಗೋ ಹಾಗೆ ಮಾಡಿ, ನಾನು ಪ್ಲಾನಲ್ಲಿ ಜಾಗ ಮಾಡ್ತೀನಿ.” ಹಾಗೇ ಆಯಿತು. ತಿಂಗಳ ಮೊದಲ ವಾರ ಯಾರು ಯಾವಾಗ ಊರಿಗೆ ಎಂಬ ಪಟ್ಟಿ ತಾನಾಗಿ ಮೇಲೆ ಬರತೊಡಗಿತು. ಆಪರೇಟರ್ ಇಲ್ಲದೆ ಮೆಷಿನ್ ನಿಂತ ಕಾಲಂ ಆ ವರ್ಷ ಕುಗ್ಗಿದ್ದು ಯಾವ ಶಿಸ್ತುಕ್ರಮದಿಂದಲೂ ಅಲ್ಲ.

ಆಯುಧಪೂಜೆಯ ಹಿಂದಿನ ದಿನದ ಎರಡು ಶಿಫ್ಟನ್ನು ಅವರು ಉತ್ಪಾದನೆಯ ಲೆಕ್ಕದಿಂದ ತೆಗೆದೇಬಿಡುತ್ತಿದ್ದರು. ಅಂದು ಆಪರೇಟರುಗಳೇ ಗಾರ್ಡು ಬಿಚ್ಚಿ, ಕೂಲೆಂಟ್ ಟ್ಯಾಂಕ್ ಖಾಲಿ ಮಾಡಿ, ವರ್ಷದ ಕೆಸರೆತ್ತಿ, ಮೂಲೆ ಮೂಲೆ ಉಜ್ಜುತ್ತಿದ್ದರು. ಮೈ ಸ್ವಚ್ಛವಾದ ಮೆಷಿನ್ನಿನಲ್ಲಿ ಎಣ್ಣೆ ಜಿನುಗುವ ಪೈಪು, ಸವೆದ ಬೆಲ್ಟು, ಸಡಿಲಾದ ಬೋಲ್ಟು ಕಣ್ಣಿಗೆ ಬೀಳುತ್ತಿದ್ದವು. ಮೇನ್ಟೆನೆನ್ಸಿನವರು ಚೀಟಿ ಹಿಡಿದು ಹಿಂದೆಯೇ ಸುತ್ತುತ್ತಿದ್ದರು. ಮರುದಿನ ಬಾಳೆಕಂಬ, ವಿಭೂತಿ ಪಟ್ಟೆ, ಬೂದಗುಂಬಳ, ಎಲ್ಲರ ಕೈಗೂ ಕಡ್ಲೆಪುರಿ. ಆ ಹದಿನಾರು ಗಂಟೆಯನ್ನು ಕೆಲವು ಮ್ಯಾನೇಜರುಗಳು ನಷ್ಟವೆಂದು ಬರೆಯುತ್ತಿದ್ದರು. ರಿಜಿಸ್ಟರಿನಲ್ಲಿ ಅಕ್ಟೋಬರ್ ನಂತರದ ಬ್ರೇಕ್‌ಡೌನ್ ಕಾಲಂ ನೋಡಿದವರು ಹಾಗೆ ಬರೆಯಲಾರರು.

ಆಮೇಲೆ ಟಿಪಿಎಂ ಎಂಬ ಜಪಾನಿನ ಯಂತ್ರ ನಿರ್ವಹಣೆಯ ಪದ್ಧತಿ ನಮ್ಮ ಕಡೆಗೂ ಬಂತು. ಯಂತ್ರ ಎಷ್ಟು ಹೊತ್ತು ಸಿಕ್ಕಿತು, ಎಷ್ಟು ವೇಗದಲ್ಲಿ ಓಡಿತು, ಎಷ್ಟು ಒಳ್ಳೆಯ ಮಾಲು ಕೊಟ್ಟಿತು, ಈ ಮೂರನ್ನೂ ಗುಣಿಸಿ ಬರುವ ಅಂಕಿ ಓಇಇ. ಆ ಪದ್ಧತಿಯನ್ನು ರೂಪಿಸಿದ ಸೆಯಿಚಿ ನಾಕಾಜಿಮಾ ಅವರು ಹೇಳಿದ 90, 95, 99 ಶೇಕಡಾಗಳನ್ನು ಗುಣಿಸಿದರೆ 85ರ ಹತ್ತಿರ ಬರುತ್ತದೆ. ಅವರಿಗೆ ಅದು ಯಂತ್ರದ ನಷ್ಟಗಳನ್ನು ಹುಡುಕುವ ದೀಪವಾಗಿತ್ತು. ನಮ್ಮಲ್ಲಿ ಗ್ರಾಹಕರ ಆಡಿಟರುಗಳು 85 ಇದೆಯೇ ಎಂದು ಕೇಳತೊಡಗಿದ ಮೇಲೆ ಕೆಲವು ಕಾರ್ಖಾನೆಗಳಲ್ಲಿ ಆ ಅಂಕಿಯನ್ನು ಏರಿಸುವ ದಾರಿ ಸುಲಭವಾಯಿತು. ಮೆಷಿನ್ ಕೆಟ್ಟರೆ ‘ಇವತ್ತು ಪ್ಲಾನ್ ಇರಲಿಲ್ಲ’ ಎಂದು ಬರೆದರಾಯಿತು, ಆ ಹೊತ್ತು ಲೆಕ್ಕದಿಂದಲೇ ಮಾಯ. ಬೋರ್ಡಿನ ಮೇಲೆ 88, ಡಿಸ್ಪ್ಯಾಚಿನಲ್ಲಿ ಖಾಲಿ ಪ್ಯಾಲೆಟ್ಟು. ತೋರಿಸುವ ಅಂಕಿಯನ್ನೂ ಮಾತು ಕೊಡುವ ಅಂಕಿಯನ್ನೂ ಒಂದೇ ರಿಜಿಸ್ಟರಿನಿಂದ ತೆಗೆಯಬೇಕು, ಆ ರಿಜಿಸ್ಟರಿನಲ್ಲಿ ಸುಳ್ಳು ಬರೆದವನಿಗೆ ಬಹುಮಾನ ಸಿಗಬಾರದು. ಇದನ್ನು ಆಡಿಟರುಗಳ ಎದುರೇ ಹೇಳಿದ್ದೇನೆ, ಇಂದಿಗೂ ಹೇಳುತ್ತೇನೆ.

ಇಆರ್‌ಪಿ ಸಾಫ್ಟ್‌ವೇರ್ ಬಂದಾಗ ಲೆಕ್ಕ ಸುಲಭವಾಯಿತು, ನಿಜ. ಆದರೆ ಪ್ರತಿ ಮೆಷಿನ್ನಿಗೂ ಬಳಕೆಯ ಶೇಕಡಾ ಎಂಬ ಒಂದು ಖಾನೆ ಇರುತ್ತದೆ, ಎಷ್ಟೋ ಕಡೆ ಅದರಲ್ಲಿ ಮೊದಲೇ 100 ಎಂದು ಕೂತಿರುತ್ತದೆ. ಒಂದು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಪ್ರತಿ ತಿಂಗಳೂ ಕಂಪ್ಯೂಟರ್ ಕೊಟ್ಟ ಯೋಜನೆ, ಪ್ರತಿ ತಿಂಗಳೂ ಇಪ್ಪತ್ತೈದನೇ ತಾರೀಖಿನಿಂದ ಓಟಿ, ಪ್ರತಿ ತಿಂಗಳೂ ಪ್ರೊಡಕ್ಷನ್ನಿನವರಿಗೆ ಬೈಗುಳ. ಖಾನೆ ತುಂಬಬೇಕಾದವರು ಮೆಷಿನ್ ಹತ್ತಿರ ಹೋಗಿರಲಿಲ್ಲ, ಮೆಷಿನ್ ಹತ್ತಿರ ಇದ್ದವರಿಗೆ ಆ ಖಾನೆ ಇದೆಯೆಂದೇ ಗೊತ್ತಿರಲಿಲ್ಲ.

ಈಚೆಗೆ ತುಮಕೂರಿನ ವಸಂತನರಸಾಪುರದ ಒಂದು ಹೊಸ ಘಟಕಕ್ಕೆ ಹೋಗಿದ್ದೆ. ಲೇತಿಗೆ ಜಾಬು ಇಡುವುದು, ತೆಗೆಯುವುದು ಎಲ್ಲ ರೋಬೋಟು. ಪ್ಲಾನಿಂಗಿನ ಹುಡುಗಿ ಚುರುಕು. ತನ್ನ ಲೆಕ್ಕ ತೋರಿಸಿ, “ಸಾರ್, ರೋಬೋಟಿಗೆ ಊಟ ಇಲ್ಲ, ಟೀ ಇಲ್ಲ, ಅದಕ್ಕೆ 600 ಪೂರ್ತಿ ಹಿಡಿದಿದ್ದೀನಿ” ಅಂದಳು. ರೋಬೋಟಿನ ಮುಂದಿನ ಟ್ರೇ ಎಷ್ಟು ಹೊತ್ತಿಗೆ ಖಾಲಿಯಾಗುತ್ತೆ ಎಂದು ಕೇಳಿದೆ. ನಲವತ್ತು ನಿಮಿಷಕ್ಕೆ. ತುಂಬುವವರು ಯಾರು? ಒಬ್ಬ ಹುಡುಗ, ಮೂರು ಮೆಷಿನ್ನಿಗೆ. ಅವನು ಊಟಕ್ಕೆ ಹೋದಾಗ? ಅವಳು ಉತ್ತರ ಕೊಡಲಿಲ್ಲ, ಪ್ಯಾಡು ಪೆನ್ನು ತೆಗೆದುಕೊಂಡು ಕೆಳಗಿಳಿದಳು. ಸಂಜೆ ಆರಕ್ಕೆ ಬಂದವಳ ಹಾಳೆಯಲ್ಲಿ ಟ್ರೇ ಖಾಲಿ ನಿಂತ ನಿಮಿಷಗಳು, ಚಿಪ್ಸ್ ತುಂಬಿ ಕನ್ವೇಯರ್ ನಿಂತದ್ದು, ಇನ್ಸರ್ಟ್ ಬದಲಿಸಿದ್ದು, ಗೇಜಿನವರಿಗಾಗಿ ಕಾದದ್ದು ಎಲ್ಲ ಗಂಟೆ ಸಮೇತ ಇತ್ತು. ಆ ಹುಡುಗನ ಹೆಸರೂ, ಅವನ ಊಟದ ಹೊತ್ತನ್ನು ಹನ್ನೆರಡೂವರೆಗೆ ಸರಿಸಿ, ಹೊರಡುವ ಮುಂಚೆ ಮೂರೂ ಟ್ರೇ ತುಂಬಿಸುವ ಯೋಚನೆಯೂ ಇತ್ತು. ಅದಕ್ಕೆ ಅವನ ಒಪ್ಪಿಗೆ ಕೇಳಿ ಬಂದಿದ್ದಳು. ಮುಂದಿನ ತಿಂಗಳಿಗೆ 600ನ್ನು ಅಳಿಸಿ 500 ಎಂದು ತುಂಬಿದಳು. ನೈಟ್ ಶಿಫ್ಟು ನೋಡಿ ಬಂದ ಮೇಲೆ ಅದನ್ನೂ ತಿದ್ದುತ್ತೇನೆ ಅಂದಳು.